ಬ್ರೇಕ್ ಬಿಚ್ಚಿದ ಭಾನುವಾರ

2021ರ ಮಳೆಗಾಲ ಪೂರ್ತಿ ಊರಲ್ಲೇ ಇದ್ದೆ. ವರ್ಕ್ ಫ್ರಮ್ ಹೋಮ್. ಕೊಪ್ಪದ ಹತ್ತಿರ ನಮ್ಮ ಮನೆ. ಜಗುಲಿಯಲ್ಲಿ ಲ್ಯಾಪ್‌ಟಾಪ್, ಅಂಗಳದಾಚೆ ಕಟ್ಟಿಗೆ ಶೆಡ್ಡಿನಲ್ಲಿ ಕಾರು. ಜೂನ್‌ನಲ್ಲಿ ನಿಲ್ಲಿಸಿದ್ದನ್ನು ಹೊರಗೆ ತೆಗೆದದ್ದು ಸೆಪ್ಟೆಂಬರ್‌ನಲ್ಲಿ. ಮಲೆನಾಡಿನ ಮಳೆಗೆ ಕಬ್ಬಿಣದ ಗತಿ ಏನಾಗುತ್ತೆ ಅಂತ ಕತ್ತಿ, ಹಾರೆ ಇಟ್ಟುಕೊಂಡವರಿಗೆಲ್ಲ ಗೊತ್ತು. ಕಾರು ಇಟ್ಟುಕೊಂಡ ನಾನು ಮಾತ್ರ ಮರೆತಿದ್ದೆ.

ಉಣುಗೋಲಿನ ಹತ್ತಿರ ಮೊದಲ ಸಲ ಬ್ರೇಕ್ ಒತ್ತಿದಾಗ ಬಂದ ಗರಗರ ಶಬ್ದಕ್ಕೆ ಕೊಟ್ಟಿಗೆಯಲ್ಲಿದ್ದ ಹಸು ಎದ್ದು ನಿಂತಿತು. ಒಂದು ರಾತ್ರಿಯ ಮಳೆಗೆ ಡಿಸ್ಕ್ ಮೇಲೆ ಕೆಂಪು ಪದರ ಕೂರೋದು ಮಾಮೂಲು, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತೆ. ಇದು ಹೋಗಲಿಲ್ಲ. ಪೇಟೆಗೆ ಹೋಗಿ ಬಂದ ಮೇಲೂ ಪೆಡಲ್ ಕಾಲಿನಡಿ ನಡುಗುತ್ತಲೇ ಇತ್ತು.

ಮುಂದಿನ ವಾರ ಅಮ್ಮನನ್ನು ಕಣ್ಣಿನ ಚೆಕಪ್ಪಿಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಅಂದರೆ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವು, ಇಳಿಯುವಾಗ.

ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಹತ್ತು ದಿನ ಬಿಟ್ಟು ತನ್ನಿ ಸಾರ್, ಲಾಕ್‌ಡೌನಲ್ಲಿ ನಿಂತ ಗಾಡಿಗಳೆಲ್ಲ ಈಗ ನನ್ನ ಮನೆ ಮುಂದೆ ನಿಂತಾವೆ" ಅಂದರು. ಸರಿ, ನಾನೇ ಮಾಡಿದರಾಯ್ತು ಅಂದುಕೊಂಡೆ. ಬಿಇ ಮಾಡಿದ್ದು ಯಾಕೆ? (ಎಲೆಕ್ಟ್ರಾನಿಕ್ಸ್. ಅದನ್ನು ಆಗ ಯಾರಿಗೂ ಹೇಳಲಿಲ್ಲ.) ಶಿವಮೊಗ್ಗದ ಅಂಗಡಿಗೆ ಹೇಳಿ, ಮುಂದಿನ ಎರಡು ಡಿಸ್ಕು, ಒಂದು ಸೆಟ್ ಪ್ಯಾಡು ಬಸ್ಸಿನ ಕಂಡಕ್ಟರ್ ಕೈಲಿ ತರಿಸಿಕೊಂಡೆ. ಬದಲಾಯಿಸೋದಾದರೆ ಎರಡೂ ಕಡೆ ಬದಲಾಯಿಸಬೇಕು. ಒಂದೇ ಕಡೆ ಹೊಸದಾದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು.

ಭಾನುವಾರ ಬೆಳಿಗ್ಗೆ ಜ್ಯಾಕ್ ಏರಿಸುತ್ತಿದ್ದೆ. ಅಪ್ಪಯ್ಯ ಎಲೆಯಡಿಕೆ ಹಾಕಿಕೊಂಡು ಬಂದು ನಿಂತರು. "ಎಂತ ಮಾರಾಯ, ಈ ಹಸಿ ನೆಲದಲ್ಲಿ ಇದು ನಿಲ್ತದಾ?" ಜ್ಯಾಕಿನ ಅಡಿಗೆ ಹಲಗೆ ಬಂತು. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿ, ಅದರ ಪಕ್ಕ ಹಲಸಿನ ಮರದ ಕೊರಡನ್ನೂ ಇಟ್ಟರು. ಕಾರು ಜಾರಿದರೂ ನನ್ನ ಮೇಲೆ ಬೀಳದ ಹಾಗೆ.

ಚಕ್ರ ಬಿಚ್ಚಿದ ಮೇಲೆ ನಿಜವಾದ ಭಯ ಆಯ್ತು. ಹೊರಗಿನ ಪ್ಯಾಡ್ ಇನ್ನೂ ದಪ್ಪ ಇತ್ತು. ಚಕ್ರದ ಸಂದಿಯಿಂದ ಇಣುಕಿದಾಗ ಕಾಣುತ್ತಿದ್ದದ್ದು ಅದೊಂದೇ. ಒಳಗಿನ ಪ್ಯಾಡ್ ಕಬ್ಬಿಣದ ಪಟ್ಟಿಗೆ ತಾಗುವಷ್ಟು ಸವೆದಿತ್ತು. ಕ್ಯಾಲಿಪರ್ ಆಚೀಚೆ ಜಾರಬೇಕಾದ ಎರಡು ಪಿನ್‌ಗಳು ತುಕ್ಕಿಗೆ ಕಚ್ಚಿಕೊಂಡಿದ್ದವು, ಹಾಗಾಗಿ ಪಿಸ್ಟನ್ನಿನ ಕಡೆಯ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡಿತ್ತು. ವರ್ಷಕ್ಕೆರಡು ಸಲ ಇಣುಕಿ ನೋಡಿ "ಬ್ರೇಕ್ ಚೆನ್ನಾಗಿದೆ" ಅಂದುಕೊಳ್ಳುತ್ತಿದ್ದವನು ನಾನೇ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತಾರೆ. ನನ್ನದರಲ್ಲಿ 15 ಮಿ.ಮೀ. ಲೇತ್ ಅಂಗಡಿಯಿಂದ ತಂದ ವರ್ನಿಯರ್ 16 ತೋರಿಸಿತು. ಹಾಗಾದರೆ ಡಿಸ್ಕ್ ಸರಿಯಿದೆಯಲ್ಲ ಅಂತ ಖುಷಿಪಟ್ಟೆ. ಆಮೇಲೆ ಹೊಳೀತು: ಡಿಸ್ಕಿನ ಅಂಚಿಗೆ ಪ್ಯಾಡ್ ತಾಗೋದಿಲ್ಲ, ಅಲ್ಲಿ ತುಕ್ಕಿನ ದಿಣ್ಣೆ ಎದ್ದಿರುತ್ತೆ, ವರ್ನಿಯರ್ ಅಳೆದದ್ದು ದಿಣ್ಣೆಯನ್ನು. ಎರಡೂ ಬದಿಗೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದು, ನಾಣ್ಯದ ದಪ್ಪ ಕಳೆದೆ. 14.6. ಬದಲಾಯಿಸಲೇಬೇಕು.

ಹಳೇ ಡಿಸ್ಕ್ ಹಬ್ಬಿನಿಂದ ಬರಲೊಲ್ಲದು. ಸುತ್ತಿಗೆಯಲ್ಲಿ ಬಡಿದೆ, ತುಕ್ಕೆಣ್ಣೆ ಹೊಡೆದು ಕಾದೆ, ಮತ್ತೆ ಬಡಿದೆ. ಡಿಸ್ಕಿನಲ್ಲೇ ಮರೆಯಿರುವ ಎರಡು ಸಣ್ಣ ತೂತಿಗೆ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿಯುತ್ತಾ ಹೋದರೆ ಡಿಸ್ಕ್ ತಾನೇ ಹೊರಗೆ ತಳ್ಳಿಕೊಂಡು ಬರುತ್ತೆ ಅನ್ನೋದು ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನ. ಬಿಚ್ಚಿದ ಕ್ಯಾಲಿಪರನ್ನು ಹೋಸ್ ಪೈಪಿಗೇ ಜೋತುಬಿಟ್ಟಿದ್ದೆ. ಅಪ್ಪಯ್ಯ ಮಾತಾಡದೆ ಹಗ್ಗ ತಂದು ಮೇಲಕ್ಕೆ ಕಟ್ಟಿದರು. ಆ ಪೈಪ್ ಒಳಗೇ ಬಿರಿದರೆ ಹೊರಗೆ ಕಾಣೋದಿಲ್ಲ.

ಹಬ್ಬಿನ ಮೇಲಿನ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿದ್ದು ಅರ್ಧ ಗಂಟೆ. ಅಲ್ಲಿ ಒಂದು ಚಕ್ಕೆ ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು ಪೆಡಲ್ ನಡುಗುತ್ತೆ. ಹೊಸ ಡಿಸ್ಕಿಗೆ ಸವರಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿದೆ, ಪಿನ್ನುಗಳನ್ನು ತಿಕ್ಕಿ ಬ್ರೇಕಿನ ಗ್ರೀಸ್ ಹಚ್ಚಿದೆ, ಬಡಗಿಯ ಕ್ಲಾಂಪಿನಲ್ಲಿ ಪಿಸ್ಟನ್ ಒಳಗೆ ಒತ್ತಿದೆ. ಎಡಗಡೆ ಮುಗಿದಾಗ ಮೂರು ಗಂಟೆ. ಬಲಗಡೆ ಐವತ್ತೇ ನಿಮಿಷ.

ಕಾರು ಇಳಿಸಿ, ಸ್ಟಾರ್ಟ್ ಮಾಡಿ, ಗೇರ್ ಹಾಕಿದೆ. ನಮ್ಮ ಅಂಗಳ ತೋಟದ ಕಡೆಗೆ ಇಳಿಜಾರು. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಹ್ಯಾಂಡ್‌ಬ್ರೇಕ್ ಎಳೆದೆ, ಅಡಿಕೆ ಮರಕ್ಕೆ ಎರಡು ಮಾರು ಇರುವಾಗ ನಿಂತಿತು. ಒಳಗೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ಬಂದು ತಾಗುವವರೆಗೆ ನಿಂತಲ್ಲೇ ಹತ್ತು ಹದಿನೈದು ಸಲ ಪೆಡಲ್ ಒತ್ತಬೇಕು. ಓದಿದ್ದೆ. ಬರೆದೂ ಇಟ್ಟುಕೊಂಡಿದ್ದೆ, ಕೊನೆಯ ಸಾಲಿನಲ್ಲಿ.

ಆಫೀಸಿನಲ್ಲಿ ನಾನು ಬರೆದ ಕೋಡ್ ಕೈಕೊಟ್ಟರೆ ಹತ್ತು ನಿಮಿಷದಲ್ಲಿ ಹಿಂದಿನ ವರ್ಷನ್ನಿಗೆ ಹೋಗುತ್ತೇವೆ. ಕೈ ನಡುಗಿದ ನೆನಪಿಲ್ಲ. ಅವತ್ತು ನಡುಗಿತು. ಹಿಂದಿನ ಸೀಟಿನಲ್ಲಿ ಅಮ್ಮ ಇರಲಿಲ್ಲ ಅನ್ನೋದೊಂದೇ ಸಮಾಧಾನ.

ಅಪ್ಪಯ್ಯ ಬೈಯಲಿಲ್ಲ. ಊಟಕ್ಕೆ ಕೂತಾಗ ಹೇಳಿದರು: "ನೀ ಮಾಡಿದ್ದು ಸರಿನೇ ಇರ್ತದೆ. ಆದ್ರೂ ಅಮ್ಮನ್ನ ಕೂರ್ಸೋ ಮುಂಚೆ ಇನ್ನೊಬ್ಬರ ಕಣ್ಣು ಬೀಳ್ಲಿ. ಪಂಪ್‌ಸೆಟ್ಟಿನ ವೈರಿಂಗ್ ನಾನೇ ಮಾಡಿದ್ರೂ ಕರೆಂಟ್ ಕೊಡೋ ಮುಂಚೆ ಇನ್ನೊಬ್ಬರಿಗೆ ತೋರಿಸ್ತಿರ್ಲಿಲ್ವಾ?" ನನ್ನ ಟೀಮಿನಲ್ಲಿ ಇದಕ್ಕೆ ಕೋಡ್ ರಿವ್ಯೂ ಅಂತಾರೆ. ಅದನ್ನು ತಪ್ಪಿಸಿಕೊಳ್ಳಲು ನಾನು ಮಾಡಿರುವ ಉಪಾಯಗಳನ್ನು ಇಲ್ಲಿ ಬರೆಯೋದಿಲ್ಲ.

ಮಾರನೇ ದಿನ ನಿಧಾನಕ್ಕೆ ಪೇಟೆಗೆ ಒಯ್ದೆ. "ನೋಡಿಕೊಡೋಕೆ ಅರ್ಧ ಗಂಟೆ ಸಾಕು" ಅಂದ ಮೆಕ್ಯಾನಿಕ್ ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿ, ಬಲಗಡೆಯ ಒಂದನ್ನು ಕಾಲು ಸುತ್ತು ಬಿಗಿ ಮಾಡಿದರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬ್ರೇಕ್ ಆಯಿಲ್ಲನ್ನೂ ಅವರ ಕೈಲೇ ಬದಲಾಯಿಸಿಸಿದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಅದು ಕುದ್ದು ಆವಿಯಾದರೆ ಪೆಡಲ್ ಮತ್ತೆ ನೆಲಕ್ಕೆ ಹೋಗುತ್ತೆ. ಅಲ್ಲಿ ಅಡಿಕೆ ಮರ ಇರೋದಿಲ್ಲ.

ಗುರುವಾರ ಆಗುಂಬೆ ಇಳಿದೆವು, ಎರಡನೇ ಗೇರಿನಲ್ಲಿ, ಮಂಜಿನ ನಡುವೆ. ನಾನು ತಿರುವು ಎಣಿಸುತ್ತಿದ್ದೆ. ಅಮ್ಮ ಏಳನೆಯದರಲ್ಲಿ ನಿದ್ದೆ ಹೋದರು. ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿ ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಎರಡೂ ಕಡೆ ಒಂದೇ ಬಿಸಿ. "ಎಂತ ಕಳ್ಕೊಂಡ್ಯಾ ಅಲ್ಲಿ?" ಅಂತ ಅಮ್ಮ ಕಿಟಕಿಯಿಂದ ಕೇಳಿದರು.

ಹಳೇ ಡಿಸ್ಕುಗಳನ್ನು ಅಪ್ಪಯ್ಯ ಗುಜರಿಗೆ ಹಾಕಲು ಬಿಡಲಿಲ್ಲ. ಒಂದು ಕೊಟ್ಟಿಗೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಕೂತಿದೆ. ಇನ್ನೊಂದು, ಅಡಿಕೆ ಒಣಗಿಸುವಾಗ ಟಾರ್ಪಾಲಿನ ಮೂಲೆಯ ಮೇಲೆ.