ಪೇಟೆ ಬೀದಿ ಮನೆ ಮಾರೋದಾ, ಬೇಡ್ವಾ?

ಈ ಸಲ ಯುಗಾದಿಗೆ ಬಂದಿದ್ದ ಮಗ ಒಬ್ಬಟ್ಟು ತಿಂತಾನೇ ಮಾತು ತೆಗೆದ. "ಅಮ್ಮ, ಗುಬ್ಬಿ ಮನೆ ಮಾರ್ಬಿಡಾಣ. ಇಬ್ರೂ ಬೆಂಗಳೂರಿಗೆ ಬಂದ್ಬಿಡಿ." ನಮ್ಮನೆಯವ್ರು ಏನೂ ಮಾತಾಡಲಿಲ್ಲ, ನನ್ನ ಮುಖ ನೋಡುದ್ರು. ನಂಗೂ ಒಬ್ಬಟ್ಟು ಗಂಟಲಲ್ಲಿ ಇಳೀಲಿಲ್ಲ.

ನಾನು ಕುಣಿಗಲ್ ಕಡೆ ಹಳ್ಳಿಯವಳು. ಮದ್ವೆಯಾಗಿ ಬಂದಾಗ ಗುಬ್ಬಿ ಹಿಡಿಸಿರಲಿಲ್ಲ. ಇತ್ಲಾಗೆ ಹಳ್ಳಿನೂ ಅಲ್ಲ, ಅತ್ಲಾಗೆ ಪಟ್ಣನೂ ಅಲ್ಲ ಅನ್ಸೋದು. ಅಡಿಕೆ ಕಾಲ ಬಂದ್ರೆ ಎಲ್ಲೆಲ್ಲೂ ಚೊಗರಿನ ವಾಸನೆ. ನಮ್ಮತ್ತೆ ಮಾತ್ರ "ಇದು ನಿನ್ನೆ ಮೊನ್ನೆ ಪೇಟೆ ಅಲ್ಲ ಕಣಮ್ಮಿ" ಅನ್ನೋರು. ಅವ್ರ ಮಾತು ನಿಜ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಬುಕಾನನ್ ಅನ್ನೋ ಕಂಪನಿ ಸರ್ಕಾರದ ಡಾಕ್ಟ್ರು ಮೈಸೂರು ಸೀಮೆ ಸುತ್ತಕ್ಕೆ ಹೊರಟವ್ರು ಗುಬ್ಬಿಗೂ ಬಂದು ಇಲ್ಲಿನ ವ್ಯಾಪಾರ ಬರ್ದವ್ರೆ. ಆಗ್ಲೇ ಇಲ್ಲಿ ವಾರದ ಸಂತೆ ನಡೀತಿತ್ತು.

1884ರಲ್ಲಿ ಇದೇ ಊರಲ್ಲಿ ನಾಟಕ ಕಂಪನಿ ಕಟ್ಟಿದ್ರು, ಊರ ದೇವ್ರು ಚನ್ನಬಸವೇಶ್ವರನ ಹೆಸರಲ್ಲಿ. ಹುಡುಗನಾಗಿ ಸೇರ್ಕಂಡ ವೀರಣ್ಣನೋರು ಆಮೇಲೆ ಅದ್ರ ಯಜಮಾನ್ರೇ ಆದ್ರು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದ್ರು. ರಾಜಕುಮಾರ್ ಅವ್ರೂ ಆ ಕಂಪನಿಯಲ್ಲಿದ್ದೋರೇ. ಸಂತೆ, ಜಾತ್ರೆ ಅಂತ ಜನ ಸೇರೋ ಊರಲ್ಲೇ ನಾಟಕನೂ ಹುಟ್ಟೋದು ಅಂತ ನಂಗನ್ಸುತ್ತೆ.

ಈಗ್ಲೂ ಸಂತೆಲಿ ಸೊಪ್ಪಿನವಳು "ಅಕ್ಕಾ, ಭಾವ ಹೆಂಗವ್ರೆ?" ಅಂತ ಕೇಳಿ ಇನ್ನೊಂದು ಕಟ್ಟು ಹಾಕ್ತಾಳೆ. ರೈಲಿದೆ, ಬಸ್ಸಿದೆ. 2023ರಲ್ಲಿ ಬಿದರೆಹಳ್ಳ ಕಾವಲಲ್ಲಿ 615 ಎಕರೆಲಿ ಹೆಲಿಕಾಪ್ಟರ್ ಕಾರ್ಖಾನೆನೂ ಶುರುವಾಯ್ತು. ಮನೆ ಕೇಳ್ಕಂಡು ಬರೋ ಬ್ರೋಕರ್‌ಗಳೂ ಜಾಸ್ತಿಯಾದ್ರು.

ಆದ್ರೆ ಕೊರತೆ ಇಲ್ಲ ಅಂತ ಸುಳ್ಳು ಹೇಳಲ್ಲ. ಹೋದ ಕಾರ್ತೀಕದಲ್ಲಿ ರಾತ್ರಿ ಎರಡು ಗಂಟೆಗೆ ನಮ್ಮನೆಯವ್ರಿಗೆ ಎದೆನೋವು ಬಂತು. ನಾನು ಎದುರುಮನೆ ಬಾಗಿಲು ಬಡಿದೆ. ಆ ಹುಡುಗ ಅಂಗಿನೂ ಹಾಕ್ಕಳ್ದೆ, ಲುಂಗಿಲೇ ಕಾರು ತೆಗೆದ. ತುಮಕೂರು ಇಪ್ಪತ್ತು ಕಿಲೋಮೀಟ್ರು. ಅವತ್ತು ಆ ದಾರಿ ಮುಗಿಯಂಗೇ ಕಾಣಲಿಲ್ಲ. ಅವ್ರು ಉಳ್ಕಂಡ್ರು. ಆಸ್ಪತ್ರೆ ದೂರ ಅನ್ನೋದು ಮಗನ ಮಾತು. ಬಡಿಯಕ್ಕೆ ಒಂದು ಬಾಗಿಲಿತ್ತು ಅನ್ನೋದು ನನ್ನ ಮಾತು. ಎರಡೂ ಸರಿನೇ.

ಅದಕ್ಕೇ ಆಷಾಢದಲ್ಲಿ ಒಂದು ತಿಂಗಳು ಮಗನ ಫ್ಲ್ಯಾಟಲ್ಲಿ ಇದ್ದು ನೋಡುದ್ವಿ. ಸೊಸೆ ಚೆನ್ನಾಗೇ ನೋಡ್ಕಂಡ್ಲು, ಅವಳ ಮೇಲೆ ಒಂದು ಮಾತಿಲ್ಲ. ಆದ್ರೆ ನಮ್ಮನೆಯವ್ರು ಬೆಳಿಗ್ಗೆಯಿಂದ ಸಂಜೆವರೆಗೂ ಕಿಟಕಿ ಹತ್ರ ಕೂತಿರೋರು. ಒಂದಿನ, "ಇಲ್ಲಿ ಒಂದು ತಿಂಗಳಿಂದ ಯಾರೂ ನನ್ನ ಹೆಸರು ಹಿಡಿದು ಕೂಗಿಲ್ಲ ಕಣೆ" ಅಂದ್ರು.

ಅವತ್ತು ರಾತ್ರಿ ಮಗನ್ನ ಕೂರಿಸ್ಕಂಡು ಹೇಳ್ದೆ: "ಮನೆ ಈಗ ಮಾರಲ್ಲ. ಡಾಕ್ಟ್ರಿಗೆ ತೋರ್ಸಕ್ಕೆ ಮೂರು ತಿಂಗಳಿಗೊಂದ್ಸಲ ತಪ್ಪದೆ ಬತ್ತೀವಿ. ಇಬ್ರಲ್ಲಿ ಒಬ್ರೇ ಉಳ್ಕಂಡ ದಿನ ಮತ್ತೆ ಈ ಮಾತು ತೆಗಿ, ಆಗ ಬೇಡ ಅನ್ನಲ್ಲ." ಅವ್ನು ಸ್ವಲ್ಪ ಹೊತ್ತು ತಲೆ ಬಗ್ಗಿಸ್ಕಂಡು ಕೂತಿದ್ದು, "ಸರಿ ಅಮ್ಮ" ಅಂದ.

ಊರಿಗೆ ಬಂದು ಬಸ್ಸಿಳಿದ ತಕ್ಷಣ ಯಾರೋ ಇವ್ರ ಹೆಸರು ಕೂಗುದ್ರು. ಇವ್ರು ನನ್ನ ಕೈಗೆ ಬ್ಯಾಗು ಕೊಟ್ಟು ಮಾತಿಗೆ ನಿಂತ್ಕಂಡ್ರು. ಮಳೆ ಬರಂಗಿತ್ತು. ಬೈಬೇಕು ಅನ್ಸಲಿಲ್ಲ.