ಗಂಜಿಗೆ ಮೊದಲು ವಚನ

ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಕಾಯಿದೆ. ಭಾನುವಾರದ ವಚನ ಬಾಯಿಪಾಠ ಒಪ್ಪಿಸದ ಮಕ್ಕಳಿಗೆ ಗಂಜಿ ಇಲ್ಲ. ಬಟ್ಟಲು ಎದುರಿಗಿಟ್ಟು, ಉಪ್ಪಿನಕಾಯಿ ಬಡಿಸಿ, ಕೈ ಹಾಕುವ ಹೊತ್ತಿಗೆ ಸರಿಯಾಗಿ "ಪಣ್ಲ" ಎನ್ನುತ್ತಿದ್ದಳು. ಹೇಳು ಎಂದದ್ದು ತುಳುವಿನಲ್ಲಿ, ನಾವು ಹೇಳಬೇಕಾದದ್ದು ಕನ್ನಡದಲ್ಲಿ. ಮಂಗಳೂರಿನ ಪ್ರಾಟೆಸ್ಟೆಂಟ್ ಮನೆಗಳು ಹೆಚ್ಚಾಗಿ ಹೀಗೆಯೇ. ಬೈಗುಳ, ಮುದ್ದು, ಮೀನಿನ ಚೌಕಾಸಿ ಎಲ್ಲ ತುಳುವಿನಲ್ಲಿ ನಡೆದು, ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ನಾಲಿಗೆ ಕನ್ನಡಕ್ಕೆ ಹೊರಳುತ್ತದೆ. ದೇವರಿಗೆ ತುಳು ಬಾರದು ಎಂದೇ ನಾವು ಮಕ್ಕಳು ತಿಳಿದಿದ್ದೆವು. 1847ರಲ್ಲೇ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಗಿತ್ತೆಂದು ನಮಗೆ ಹೇಳಿದವರಿಲ್ಲ.

ಅಜ್ಜಿ ಮಾರ್ಟಿನ್ ಲೂಥರನ ಮುನ್ನುಡಿಯನ್ನು ಓದಿದವಳಲ್ಲ. ಓದಿದ್ದರೆ ಬೀಗುತ್ತಿದ್ದಳು. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬರಲು ಹೋದ ಲೂಥರನಿಗೆ ತಲೆ ಕೆಟ್ಟುಹೋಗಿತ್ತು. ಜನರಿಗೆ ದಶಾಜ್ಞೆ ಗೊತ್ತಿಲ್ಲ, ಕರ್ತನ ಪ್ರಾರ್ಥನೆ ಗೊತ್ತಿಲ್ಲ. ಎಷ್ಟೋ ಕಡೆ ಕಲಿಸಬೇಕಾದ ಪಾದ್ರಿಗೇ ಗೊತ್ತಿಲ್ಲ. ಆ ಸಿಟ್ಟಿನಲ್ಲಿ 1529ರಲ್ಲಿ ಹೊರಬಂದದ್ದು ಅವನ ಚಿಕ್ಕ ಪ್ರಶ್ನೋತ್ತರ. ಒಂದೊಂದು ಆಜ್ಞೆಯ ಕೆಳಗೂ ಇದರ ಅರ್ಥವೇನು ಎಂಬ ಪ್ರಶ್ನೆ, ಅದಕ್ಕೊಂದು ಉತ್ತರ. ಕಲಿಯಲೊಲ್ಲದವರಿಗೆ ಅಪ್ಪ ಅಮ್ಮ, ಯಜಮಾನರು ಅನ್ನ ನೀರು ಕೊಡಬಾರದು, ಅರಸ ಊರಿನಿಂದ ಓಡಿಸುತ್ತಾನೆಂದು ಹೆದರಿಸಬೇಕು ಎಂದು ಅದರ ಮುನ್ನುಡಿಯಲ್ಲಿ ಬರೆದಿದ್ದಾನೆ. ನಮ್ಮ ಅಜ್ಜಿ ಗಂಜಿಯಲ್ಲೇ ನಿಲ್ಲಿಸಿದ್ದು ನಮ್ಮ ಪುಣ್ಯ.

ಆದರೆ ನನಗೆ ಹಿಡಿಸಿದ ಸಂಗತಿ ಬೇರೆ. ಅದು ಮೊದಲು ಪುಸ್ತಕವಾಗಿರಲೇ ಇಲ್ಲ. ಮನೆಯ ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ ಅಚ್ಚಾಯಿತು, ಪುಸ್ತಕವಾದದ್ದು ಆಮೇಲೆ. ಪ್ರತಿ ಭಾಗದ ತಲೆಯಲ್ಲೂ ಇದನ್ನು ಮನೆಯ ಯಜಮಾನ ತನ್ನ ಮನೆಮಂದಿಗೆ ಸರಳವಾಗಿ ಕಲಿಸಬೇಕೆಂಬ ಸೂಚನೆಯಿತ್ತು. ಅಂದರೆ ಪಾದ್ರಿಯಲ್ಲ, ಟೀಚರಲ್ಲ, ಅಪ್ಪ. ರಾತ್ರಿ ಪ್ರಾರ್ಥನೆ ಮುಗಿಸಿದವರು ಕೂಡಲೇ ಸಂತೋಷದಿಂದ ಮಲಗಿ ನಿದ್ದೆ ಮಾಡಬೇಕು ಎಂದೂ ಅದರಲ್ಲಿದೆ. ಮಕ್ಕಳನ್ನು ಮಲಗಿಸಿ ಗೊತ್ತಿದ್ದವನಿಗಷ್ಟೇ ಹೊಳೆಯುವ ಮಾತು ಅದು. ಹೌದು, ಅವನ ಹಿರಿಯ ಮಗನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ.

ಅಪ್ಪನ ಕೈಯಲ್ಲಿದ್ದ ಈ ಕೆಲಸ ಭಾನುವಾರದ ಶಾಲೆಗೆ ದಾಟಿದ್ದು ಒಂದು ವಿಚಿತ್ರ. ಆ ಶಾಲೆ ಹುಟ್ಟಿದ್ದು ಭಕ್ತರ ಮಕ್ಕಳಿಗಾಗಿ ಅಲ್ಲ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೈಕ್ಸ್ 1780ರಲ್ಲಿ ಶುರುಮಾಡಿದ್ದು ವಾರವೆಲ್ಲ ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿದು ಭಾನುವಾರ ಬೀದಿ ಅಲೆಯುವ ಬಡಮಕ್ಕಳಿಗೆ ಓದು ಕಲಿಸಲು. ಕೂಲಿಯ ಮಕ್ಕಳಿಗೆಂದು ತೆರೆದ ಬಾಗಿಲಲ್ಲಿ ಉಳ್ಳವರ ಮಕ್ಕಳೂ ನುಗ್ಗಿದರು. ಮನೆಯಲ್ಲಿ ಅಪ್ಪಂದಿರು ಕಾಲು ಚಾಚಿದರು.

ನಮ್ಮೂರಲ್ಲಿ ಮಾತ್ರ ಕೆಲಕಾಲ ಹಾಗಾಗಲಿಲ್ಲ, ಅದಕ್ಕೆ ಕಾರಣವೂ ಇದೆ. ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರನ್ನು ಜಾತಿಯವರು ಹೊರಹಾಕಿದರು, ಒಕ್ಕಲುಭೂಮಿ, ಕಸುಬು ತಪ್ಪಿತು. ಅವರ ಹೊಟ್ಟೆಪಾಡಿಗೆಂದೇ ಮಿಶನ್ ನೆಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೆಲಸ ಒಟ್ಟಿಗೆ, ಬಿಡಾರ ಒಟ್ಟಿಗೆ, ಆರಾಧನೆ ಒಟ್ಟಿಗೆ. ಅಂಥ ಕಂಪೌಂಡಿನಲ್ಲಿ ಬೆಳೆದ ನನ್ನ ಅಜ್ಜಿಗೆ ನಂಬಿಕೆಯನ್ನು ಯಾರೋ ಒಬ್ಬರು ಕಲಿಸಿದ್ದಲ್ಲ. ಯಾರ ಮನೆ ಜಗಲಿಯಲ್ಲಿ ಕೂತರೂ ಜರ್ಮನ್ ರಾಗದ ಕನ್ನಡ ಸಂಗೀತ ಕಿವಿಗೆ ಬೀಳುತ್ತಿತ್ತು, ತಪ್ಪು ಮಾಡಿದರೆ ಪಕ್ಕದ ಮನೆಯ ದೊಡ್ಡಮ್ಮನೂ ಕಿವಿ ಹಿಂಡುತ್ತಿದ್ದಳು. ಹಾಗೆಂದು ಆ ಕಾಲ ಬಂಗಾರವಾಗಿತ್ತು ಎನ್ನಲಾರೆ. ಮಿಶನ್ ದೊರೆಗಳ ಶಿಸ್ತು ಬಹಳ ಬಿಗಿ, ಸಭೆಯಿಂದ ಹೊರಗಿಟ್ಟರೆ ಅನ್ನಕ್ಕೂ ಕುತ್ತು.

ನನ್ನ ಮಗಳಿಗೆ ಕಂಪೌಂಡೂ ಇಲ್ಲ, ದೊಡ್ಡಮ್ಮನೂ ಇಲ್ಲ. ಇರುವುದು ನಾಲ್ಕನೆಯ ಮಹಡಿಯ ಫ್ಲ್ಯಾಟು ಮತ್ತು ವಾರಕ್ಕೊಂದು ಗಂಟೆಯ ಸಂಡೇ ಸ್ಕೂಲು. ವಚನವೇನೋ ಅವಳು ಚೆನ್ನಾಗಿಯೇ ಒಪ್ಪಿಸುತ್ತಾಳೆ. ಕಷ್ಟ ಶುರುವಾದದ್ದು ನನ್ನ ಅಮ್ಮ ತೀರಿಕೊಂಡ ವಾರ. ಅಯ್ಯನವರು ಪುನರುತ್ಥಾನದ ಮೇಲೆ ಪ್ರಸಂಗ ಮಾಡಿದರು, ನಾವೆಲ್ಲ ಆಮೆನ್ ಎಂದೆವು. ಕಾರಿನಲ್ಲಿ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು.

"ಪಪ್ಪ, ಅಜ್ಜಿ ಪರಲೋಕಕ್ಕೆ ಹೋದದ್ದಲ್ವಾ?"

"ಹೌದು ಮಗಾ."

"ಅಲ್ಲಿ ಒಳ್ಳೇದಲ್ವಾ?"

"ಹೌದು."

"ಮತ್ತೆ ಪಪ್ಪ ಯಾಕೆ ಅತ್ತದ್ದು?"

ಈ ಪ್ರಶ್ನೆ ನಮ್ಮ ಪ್ರಶ್ನೋತ್ತರದ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ಬರೆದವನ ಬದುಕಿನಲ್ಲಿ ಮಾತ್ರ ಇತ್ತು. 1542ರಲ್ಲಿ ಲೂಥರನ ಮಗಳು ಮಗ್ದಲೇನ ಹದಿಮೂರನೆಯ ವಯಸ್ಸಿನಲ್ಲಿ ಅಪ್ಪನ ತೋಳಿನಲ್ಲೇ ಸತ್ತಳು. ಊರಿಗೆಲ್ಲ ಉತ್ತರ ಬರೆದುಕೊಟ್ಟವನು, ಮಗಳು ಸುಖವಾಗಿದ್ದಾಳೆಂದು ಗೊತ್ತಿದ್ದೂ ತನಗೂ ಹೆಂಡತಿಗೂ ಅಳದೆ ದೇವರಿಗೆ ಸ್ತೋತ್ರ ಹೇಳಲಾಗುತ್ತಿಲ್ಲ ಎಂದು ಗೆಳೆಯನಿಗೆ ಕಾಗದ ಬರೆದ. ನನ್ನ ಮಟ್ಟಿಗೆ ಆ ಕಾಗದ ಅವನ ಪ್ರಶ್ನೋತ್ತರಕ್ಕಿಂತ ಒಂದು ತೂಕ ಹೆಚ್ಚೇ. ಮಗಳಿಗೆ ಆ ಕಥೆಯನ್ನೇ ಹೇಳಿದೆ. ಅಷ್ಟು ದೊಡ್ಡ ಅಯ್ಯನವರೂ ಅತ್ತರಾ ಎಂದು ಕೇಳಿದಳು. ಅತ್ತರು ಎಂದೆ. ಸರಿ ಎಂದು ಬಿಸ್ಕತ್ತು ಕೇಳಿದಳು. ಆಮೇಲೆ ಹಾಗೆಯೇ ನಡೆದಿದೆ. ಅವಳು ಕೇಳುತ್ತಾಳೆ, ನಾನು ತಡವರಿಸುತ್ತೇನೆ, ಕೆಲವೊಮ್ಮೆ ಇಬ್ಬರೂ ಸೇರಿ ಅಯ್ಯನವರನ್ನು ಕೇಳುತ್ತೇವೆ.

ಸಂಡೇ ಸ್ಕೂಲು ಬೇಡವೆನ್ನುತ್ತಿಲ್ಲ. ಸಂಬಳವಿಲ್ಲದೆ, ರಜಾದಿನ ಬಿಟ್ಟುಕೊಟ್ಟು ಕಲಿಸುವ ಆ ಟೀಚರುಗಳ ಉಪಕಾರ ದೊಡ್ಡದು. ಆದರೆ ಮಕ್ಕಳನ್ನು ಇಗರ್ಜಿಯ ಗೇಟಿನಲ್ಲಿ ಇಳಿಸಿ ಕಾಫಿಗೆ ಹೊರಡುವ ಅಪ್ಪಂದಿರಲ್ಲಿ ಒಂದು ಅರಿಕೆ. ಈ ಕೆಲಸವನ್ನು ಲೂಥರ್ ಟೀಚರಿಗೆ ಒಪ್ಪಿಸಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇವತ್ತು ಏನು ಕಲಿತೆ ಎಂದು ಮಕ್ಕಳನ್ನು ಕೇಳಿ, ಅವರು ತಿರುಗಿ ಕೇಳಿದರೆ ಏಳಬೇಡಿ. ಊಟ ಮಾತ್ರ ಮೊದಲೇ ಬಡಿಸಿಬಿಡಿ.