ಮಾಮಾನ ಶನಿವಾರ

ನಮ್ಮೂರು ಸುಳ್ಳ. ಫಸ್ಟ್ ಇಯರ್ ಪರಿಚಯದ ದಿನ "ಯಾವೂರಪಾ?" ಅಂತ ಸೀನಿಯರ್ ಕೇಳಿದರು, "ಸುಳ್ಳ ರೀ" ಅಂದೆ. "ಖರೇ ಹೇಳಲೇ" ಅಂದರು. ಹುಬ್ಬಳ್ಳಿ ತಾಲೂಕಿನ ಊರು, ಎರಿ ಭೂಮಿ, ಹತ್ತಿ, ಹೆಸರು, ಕಡಲೆ. ಇಷ್ಟು ಹೇಳಿದರೂ ನಗು ನಿಲ್ಲಲಿಲ್ಲ. ನಮ್ಮ ಕಡೆ ಸುಳ್ಳಿಗೂ ಸುಳ್ಳ ಅಂತಲೇ ಅನ್ನುತ್ತಾರಲ್ಲ. ಈ ಲೇಖನದಲ್ಲಿಯೂ ಒಂದು ಸುಳ್ಳು ಇದೆ, ಅದು ನಾನು ಹೇಳಿದ್ದು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು, ಒತ್ತಕ್ಷರಗಳನ್ನು ಬಳಗದ ಅಕ್ಕ ಒಬ್ಬರು ತಿದ್ದಿದ್ದಾರೆ. ಮಾಮಾನ ಮಾತು ಮಾತ್ರ ಇದ್ದಂಗ ಬಿಡ್ರಿ ಅಂತ ಕೇಳಿಕೊಂಡೆ.

ಮಾಮಾ ಅಂದರೆ ಅವ್ವನ ತಮ್ಮ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಹತ್ತಿರದ ಲಾಡ್ಜ್ ಒಂದರಲ್ಲಿ ಕೌಂಟರ್‌ನಲ್ಲಿ ಕೂರುತ್ತಾನೆ. ಹೋದ ವರ್ಷ ಹತ್ತಿ ಮಾರಿದ ರೊಕ್ಕದಲ್ಲಿ ಅವ್ವ ಅವನಿಗೆ ಇಪ್ಪತ್ತೈದು ಸಾವಿರ ಕೊಟ್ಟಿದ್ದಳು. ಬಾಡಿಗೆ ಮನೆಯ ಅಡ್ವಾನ್ಸಿಗೆ ಬೇಕು ಅಂದಿದ್ದ. ಮನೆಯೂ ಇಲ್ಲ, ರೊಕ್ಕವೂ ಇಲ್ಲ, ಆಮೇಲೆ ಫೋನ್ ಎತ್ತುವುದೂ ನಿಂತಿತು. ನನ್ನ ಮೂರನೇ ಸೆಮ್ ಫೀ ಕಟ್ಟುವ ದಿನ ಹತ್ತಿರ ಬಂತು. 2025ರ ಜುಲೈನಲ್ಲಿ ಅವ್ವ ನನ್ನನ್ನೇ ಕಳಿಸಿದಳು. "ನಿನ್ನ ಮಾರಿ ನೋಡಿದ್ರರ ಕೊಡ್ತಾನೇನ ನೋಡು" ಅಂದಳು.

ರಾಣಿ ಚೆನ್ನಮ್ಮದಲ್ಲಿ ಹೋದೆ. ಶನಿವಾರ ಬೆಳಿಗ್ಗೆ ಸ್ಟೇಷನ್ನಿಗೆ ಮಾಮಾ ತಾನೇ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಇಡ್ಲಿ ತಿನ್ನಿಸಿದ. ರೊಕ್ಕದ ಮಾತು ತೆಗೆದೆ. ಎಂಟು ಸಾವಿರ ಎಣಿಸಿ ನನ್ನ ಅಂಗಿ ಕಿಸೆಗೆ ತುರುಕಿದ. "ಇದು ಅಕ್ಕಂದು. ಉಳದದ್ದು ದೀಪಾವಳಿಗೆ. ಈಗ ನನ್ ಜೋಡಿ ಬಾ. ಸಂಜಿಮಟ ನಾ ಕೇಳಿದ್ರೂ ಇದನ್ನ ಕೊಡಬ್ಯಾಡ ಅಳಿಯಾ, ಕಾಲ್ ಬಿದ್ರೂ ಕೊಡಬ್ಯಾಡ."

ಎಲ್ಲಿಗೆ ಅಂತ ಕೇಳುವುದೇ ಬೇಕಾಗಿರಲಿಲ್ಲ.

ಬೆಂಗಳೂರು ಟರ್ಫ್ ಕ್ಲಬ್ ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ಹತ್ತಿರ. ರೇಸ್ ಕೋರ್ಸ್ ರೋಡಿಗೆ ಈಗ ಅಂಬರೀಷ್ ಹೆಸರು, 2023ರಲ್ಲಿ ಇಟ್ಟದ್ದು. ಮಾಮಾನಿಗೆ ಅದು ದೊಡ್ಡ ಸಮಾಧಾನ. ಅಂಬರೀಷಣ್ಣನಿಗೂ ಕುದುರೆ ಹುಚ್ಚು ಇತ್ತಲ್ಲ ಅಂತ ದಾರಿಯುದ್ದಕ್ಕೂ ಹೇಳಿದ. ನನ್ನ ತಲೆಯಲ್ಲಿ ಇದ್ದದ್ದು ಸಿನಿಮಾದ ರೇಸ್ ಕೋರ್ಸು: ಟೋಪಿ ಹಾಕಿದ ಹೆಂಗಸರು, ದುರ್ಬೀನು, ಸೂಟು. ಪಬ್ಲಿಕ್ ಸ್ಟ್ಯಾಂಡ್‌ನಲ್ಲಿ ಕಂಡವರು ಮಾಮಾನಂಥವರೇ. ಆಟೋದವರು, ರಿಟೈರ್ ಆದವರು, ಡ್ಯೂಟಿ ಮುಗಿಸಿ ಸಮವಸ್ತ್ರದ ಮೇಲೆ ಬೇರೆ ಅಂಗಿ ಹಾಕಿಕೊಂಡ ವಾಚ್‌ಮನ್‌ಗಳು. ಎಲ್ಲರ ಕೈಯಲ್ಲೂ ರೇಸ್ ಬುಕ್ಕು, ಎಲ್ಲರೂ ಪರೀಕ್ಷೆಗೆ ಹತ್ತು ನಿಮಿಷ ಮೊದಲು ಕಾರಿಡಾರಿನಲ್ಲಿ ನಿಂತ ನಮ್ಮ ಹಾಗೆ ಪುಟ ತಿರುವುತ್ತಿದ್ದರು.

ಮಾಮಾ ಓದಿದ್ದು ಏಳನೇ ಇಯತ್ತೆ. ಆದರೆ ಆ ಪುಸ್ತಕ ಓದುವುದನ್ನು ನೋಡಬೇಕು. ಕುದುರೆಯ ಅಪ್ಪ ಯಾರು, ತಾಯಿ ಯಾರು, ಹೋದ ಐದು ರೇಸಿನಲ್ಲಿ ಎಷ್ಟನೇ ಸ್ಥಾನ, ಎಷ್ಟು ಮೀಟರ್, ಬೆನ್ನ ಮೇಲೆ ಎಷ್ಟು ಕಿಲೋ, ಜಾಕಿ ಯಾರು. ಹೆಸರುಗಳೆಲ್ಲ ಇಂಗ್ಲಿಷು, ಅವನು ಅವನ್ನು ತನಗೆ ಬಂದಂತೆ ಅನ್ನುತ್ತಾನೆ, ನಾನು ಎರಡು ಸಲ ತಿದ್ದಿದೆ. ಮೂರನೇ ಸಲ "ಕುದರಿಗೆ ಗೊತ್ತಾಗಂಗಿಲ್ಲ ಬಿಡು" ಅಂದ.

ಥರೋಬ್ರೆಡ್ ಅಂದರೆ ಏನು ಅಂತ ಹೇಳಿಕೊಟ್ಟವನೂ ಅವನೇ. ಜಗತ್ತಿನಲ್ಲಿ ಈ ತಳಿಯ ಕುದುರೆ ಯಾವುದೇ ಇರಲಿ, ಗಂಡು ಸಾಲು ಹಿಡಿದು ಹಿಂದಕ್ಕೆ ಹೋದರೆ ಇಂಗ್ಲೆಂಡಿಗೆ ತಂದ ಮೂರು ಗಂಡುಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ನಾನು ನಂಬದೆ ರಾತ್ರಿ ಗೂಗಲ್ ಮಾಡಿದೆ, ಖರೇನೇ. ಇನ್ನೊಂದು ಹೇಳಿದ: ಕುದುರೆ ಯಾವ ತಿಂಗಳು ಹುಟ್ಟಿದರೂ ಲೆಕ್ಕಕ್ಕೆ ಅದರ ವಯಸ್ಸು ಏರುವುದು ಜನವರಿ 1ಕ್ಕೆ. ನಮ್ಮೂರ ಹಿರಿಯರ ಆಧಾರ್ ಕಾರ್ಡ್ ನೋಡಿ, ಅರ್ಧಕ್ಕರ್ಧ ಜೂನ್ 1. ಮಾಸ್ತರರು ಬರೆದದ್ದೇ ಹುಟ್ಟಿದ ದಿನ. ಮಾಮಾನದ್ದೂ ಜೂನ್ 1.

ರೇಸಿಗೆ ಮೊದಲು ಕುದುರೆಗಳನ್ನು ಪ್ಯಾಡಕ್ ಅನ್ನುವ ಜಾಗದಲ್ಲಿ ಸುತ್ತಿಸುತ್ತಾರೆ. ಮಾಮಾ ಅಲ್ಲಿ ಕಟಕಟೆ ಹಿಡಿದು ನಿಂತನೆಂದರೆ ಬೇರೆಯೇ ಮನುಷ್ಯ. ಕಿವಿ ಹೆಂಗ ಆಡಿಸ್ತೈತಿ ನೋಡು, ತೊಡಿ ಸಂದ್ಯಾಗ ಬೆವರ ಐತೇನ ನೋಡು, ಹಿಂದಿನ ಕಾಲು ಮುಂದಿನ ಹೆಜ್ಜಿ ದಾಟಿ ಬೀಳ್ತೈತೇನ ನೋಡು. ಇದನ್ನೆಲ್ಲ ಯಾರು ಕಲಿಸಿದರು ಅಂದೆ. "ನಿಮ್ಮಜ್ಜ." ಅಜ್ಜನ ಹತ್ತಿರ ಒಂದು ಜೋಡಿ ಎತ್ತು ಇದ್ದವಂತೆ, ಗಾಡಾ ಓಟಕ್ಕೆ ಹೂಡುತ್ತಿದ್ದ. ಕಾರ ಹುಣ್ಣಿಮೆ ದಿನ ಊರಿನಲ್ಲಿ ಕರಿ ಹರಿಯುವಾಗ ಯಾವ ಎತ್ತು ಮುಂದೆ ಬರುತ್ತದೆ ಅಂತ ಮಾಮಾ ಆರನೇ ವರ್ಷಕ್ಕೇ ಹೇಳುತ್ತಿದ್ದನಂತೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿ ಬೆಳೆ ಚಲೋ, ಕೆಂದೆತ್ತು ಬಂದರೆ ಕೆಂಪು ಬೆಳೆ ಚಲೋ ಅಂತ ಜನ ಮಾತಾಡುತ್ತಾರಲ್ಲ, ಅದೂ ಒಂದು ಪಣವೇ ಅನ್ನುವುದು ಅವನ ವಾದ. "ಊರಿಗೆ ಊರೇ ಎತ್ತಿನ ಕಾಲಿಗೆ ವರ್ಷದ ಬೆಳಿ ಹಚ್ತೈತಿ, ನಾ ನೂರ ರೂಪಾಯಿ ಹಚ್ಚಿದ್ರ ನಿಮ್ಮವ್ವ ಅಳ್ತಾಳ."

ಅವ್ವ ಅಳುವುದು ನೂರು ರೂಪಾಯಿಗೆ ಅಲ್ಲ. 2024ರ ಜೂನ್‌ನಲ್ಲಿ ಸರ್ಕಾರ ಅನುಮತಿ ಕೊಡದೆ ಬೆಂಗಳೂರಿನ ರೇಸ್ ನಿಂತು, ವಿಷಯ ಹೈಕೋರ್ಟಿಗೆ ಹೋಗಿತ್ತು. ಆಗ ಮಾಮಾ ಊರಿಗೆ ಬಂದು ಒಂದು ತಿಂಗಳು ಹೊಲದಲ್ಲಿ ದುಡಿದ. ತಮ್ಮ ಸುಧಾರಿಸಿದ ಅಂತ ಅವ್ವ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಕಾರಣ ನಮಗೆ ಗೊತ್ತಾದದ್ದು ಆಮೇಲೆ.

ಈಗ ಓಟದ ವಿಷಯ. 1400 ಮೀಟರ್ ರೇಸ್ ಒಂದೂವರೆ ನಿಮಿಷದೊಳಗೆ ಮುಗಿದುಹೋಗುತ್ತದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ 1507 ಮೀಟರ್, ಜಗತ್ತಿನಲ್ಲೇ ಉದ್ದನೆಯದು. ಬ್ಯಾಗ್ ಹೊತ್ತು ಆ ತುದಿಯಿಂದ ಈ ತುದಿಗೆ ನಡೆದವರಿಗೆ ಆ ದೂರ ಗೊತ್ತು. ಅದನ್ನು ಒಂದೂವರೆ ನಿಮಿಷದಲ್ಲಿ, ಬೆನ್ನ ಮೇಲೆ ಐವತ್ತು ಅರವತ್ತು ಕಿಲೋ ಹೊತ್ತು! ಕೊನೆಯ ತಿರುವಿನಲ್ಲಿ ಮೊದಲು ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಸ್ಟ್ಯಾಂಡ್ ಪೂರ್ತಿ ನಂಬರ್ ಕೂಗುತ್ತದೆ, ಯಾರೂ ಹೆಸರು ಕೂಗುವುದಿಲ್ಲ. ನಾನೂ ಕೂಗಿದೆ. ನನ್ನದು ಒಂದು ರೂಪಾಯಿಯೂ ಇರಲಿಲ್ಲ, ಆದರೂ ಕೂಗಿದೆ. ಆವತ್ತು ಎಂಟು ರೇಸು. ಒಟ್ಟು ಓಟ ಕೂಡಿಸಿದರೆ ಹನ್ನೆರಡು ನಿಮಿಷವೂ ಇಲ್ಲ. ಉಳಿದ ನಾಲ್ಕು ತಾಸು ಬರೀ ಲೆಕ್ಕ.

ಲೆಕ್ಕ ಅಂದರೆ ನನ್ನ ಏರಿಯಾ, ಅಂದುಕೊಂಡೆ. ಬುಕ್ಕಿ ಹತ್ತಿರ ಹಚ್ಚಿದರೆ ದರ ಆಗಲೇ ನಿಗದಿ. ಟೋಟ್ ಕೌಂಟರಿನಲ್ಲಿ ಹಾಗಲ್ಲ, ಎಲ್ಲರ ರೊಕ್ಕ ಒಂದು ಕೊಡಕ್ಕೆ ಬೀಳುತ್ತದೆ, ಕ್ಲಬ್ಬಿನ ಪಾಲು ಹೋದ ಮೇಲೆ ಉಳಿದದ್ದನ್ನು ಗೆದ್ದ ಟಿಕೆಟ್ಟಿನವರು ಹಂಚಿಕೊಳ್ಳುತ್ತಾರೆ. ಅಂದರೆ ನೀನು ಕುದುರೆ ಜೊತೆ ಆಡುತ್ತಿಲ್ಲ ಮಾಮಾ, ಪಕ್ಕದಲ್ಲಿ ನಿಂತ ಆಟೋದವನ ಜೊತೆ ಆಡುತ್ತಿದ್ದೀಯ ಅಂದೆ. 2023ರ ಅಕ್ಟೋಬರಿನಿಂದ ಹಚ್ಚಿದ ಪೂರ್ತಿ ರೊಕ್ಕದ ಮೇಲೆ ಶೇ. 28 ಜಿಎಸ್‌ಟಿ ಬೇರೆ. (ಹೋದ ಸೆಪ್ಟೆಂಬರಿನಿಂದ ಅದು 40.) ದೊಡ್ಡದು ಗೆದ್ದರೆ ಟಿಡಿಎಸ್ ಶೇ. 30. ನೂರು ಜನ ನೂರು ದಿನ ಆಡಿದರೆ ಎಲ್ಲರದ್ದೂ ಕರಗಲೇಬೇಕು, ಪ್ರಾಬಬಿಲಿಟಿ ಓದಿದವರಿಗೆ ಇದು ಎರಡು ಸಾಲಿನ ಪ್ರೂಫ್.

ಮಾಮಾ ಪೂರ್ತಿ ಕೇಳಿಸಿಕೊಂಡ. "1996ರಾಗ ಸುಪ್ರೀಂ ಕೋರ್ಟ ಹೇಳೇತಿ, ಕುದರಿ ರೇಸ ಜೂಜಲ್ಲ, ಬುದ್ಧಿ ಆಟ ಅಂತ. ನಿಂದು ಎರಡನೇ ಸೆಮ್ಮು, ಅವರದು ಸುಪ್ರೀಂ ಕೋರ್ಟು" ಅಂದ. ಆ ತೀರ್ಪು ಇರುವುದು ಹೌದು. ಆದರೆ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಗೆದ್ದ ಕುದುರೆಗೆ ಮುಂದಿನ ಸಲ ತೂಕ ಹೆಚ್ಚಿಸುತ್ತಾರೆ, ಸೋತದ್ದಕ್ಕೆ ಇಳಿಸುತ್ತಾರೆ. ಎಲ್ಲ ಕುದುರೆ ಒಂದೇ ಹೊತ್ತಿಗೆ ಬರಲಿ ಅನ್ನುವುದೇ ಅದರ ಉದ್ದೇಶ. ಬುದ್ಧಿ ಕೆಲಸ ಮಾಡುವ ಜಾಗವನ್ನೇ ಕಿಲೋ ಕಿಲೋ ತೂಗಿ ಮುಚ್ಚುತ್ತಾರೆ, ಅಲ್ಲವಾ?

ಇಷ್ಟೆಲ್ಲ ಗೊತ್ತಿದ್ದವನು ನಾನು. ಮೂರನೇ ರೇಸಿನಲ್ಲಿ ಮಾಮಾ ನೂರು ಹಚ್ಚಿ ಆರುನೂರು ಚಿಲ್ಲರೆ ತಂದ. ಆ ನೋಟುಗಳನ್ನು ನನ್ನ ಮುಖಕ್ಕೆ ಬೀಸಣಿಕೆ ಹಾಗೆ ಆಡಿಸಿದ. ನಾಲ್ಕನೆಯದರಲ್ಲಿ ನಾನು ಮನಸ್ಸಿನಲ್ಲಿ ಒಂದು ಕುದುರೆ ಆರಿಸಿದೆ, ಅದು ಗೆದ್ದಿತು. ಮನಸ್ಸಿನಲ್ಲಿ ಗೆದ್ದದ್ದಕ್ಕೆ ಕೌಂಟರಿನಲ್ಲಿ ಯಾರೂ ರೊಕ್ಕ ಕೊಡುವುದಿಲ್ಲ. ಹೊಟ್ಟೆಯೊಳಗೆ ಆದದ್ದನ್ನು ಹೇಳಲು ನನಗೆ ಕನ್ನಡ ಸಾಲದು, ಇಂಗ್ಲಿಷೂ ಸಾಲದು. ಯಾರೋ ನನ್ನ ಮೂರು ಸಾವಿರ ಕಸಿದುಕೊಂಡಂತೆ ಅನಿಸಿತು. ಹಾಸ್ಟೆಲ್‌ನಲ್ಲಿ ಹುಡುಗರು ಐಪಿಎಲ್ ಹೊತ್ತಿಗೆ ಮೊಬೈಲಿನಲ್ಲಿ ಟೀಮ್ ಕಟ್ಟಿ ರೊಕ್ಕ ಕಳೆದಾಗ ನಾನು ಅವರಿಗೆ ಭಾಷಣ ಮಾಡಿದವನು, ಅದೂ ನೆನಪಾಯಿತು. ನೆನಪಾಗಿ ಏನೂ ಆಗಲಿಲ್ಲ.

ಐದನೇ ರೇಸಿಗೆ ಮಾಮಾ ಪ್ಯಾಡಕ್‌ಗೆ ಹೋದ. ಚಹಾ ಕುಡಿದು ಬರ್ತೇನಿ ಅಂತ ನಾನು ಟೋಟ್ ಕೌಂಟರಿಗೆ ಹೋದೆ. ಪುಸ್ತಕದಲ್ಲಿ ಒಂಬತ್ತನೇ ನಂಬರಿನ ಕುದುರೆಗೆ ಎಲ್ಲಕ್ಕಿಂತ ಕಡಿಮೆ ತೂಕ, ಅದಕ್ಕೆ ಐನೂರು. ಬೇಕಾದ್ದಕ್ಕಿಂತ ಜೋರಾಗಿ ನಂಬರ್ ಹೇಳಿದೆ, ಕೌಂಟರಿನವರು ನನ್ನ ಮುಖ ನೋಡಿದರು. ಒಂಬತ್ತು ಸಾವಿರ ಮೀಟರ್‌ವರೆಗೆ ಮುಂದಿತ್ತು, ಆಮೇಲೆ ಒಂದೊಂದಾಗಿ ಎಲ್ಲವೂ ಅದನ್ನು ದಾಟಿದವು. ಆರನೇ ರೇಸಿಗೆ ಸಾವಿರ ಹಚ್ಚಿದೆ, ಹೋದದ್ದನ್ನು ವಾಪಸ್ ತರಲಿಕ್ಕೆ. ಅದು ಯಾವ ನಂಬರ್ ಅಂತಲೂ ಈಗ ನೆನಪಿಲ್ಲ. ತೆರಿಗೆಯೂ ಸೇರಿ ಎರಡು ಸಾವಿರದ ಹತ್ತಿರ ಹೋಗಿತ್ತು. ಟಿಕೆಟ್ ಹರಿದು ಬಾತ್‌ರೂಮಿನಲ್ಲಿ ಹಾಕಿ, ಮುಖ ತೊಳೆದುಕೊಂಡು ಬಂದೆ.

ಏಳನೇ ರೇಸಿನ ಹೊತ್ತಿಗೆ ಮಾಮಾ ಬರಿಗೈ ಆಗಿದ್ದ. ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, "ಅಳಿಯಾ, ಎರಡ ಸಾವಿರ ಕೊಡು. ಈ ಕುದರಿ ಬರೂದು ಗ್ಯಾರಂಟಿ. ನಾಕು ಮಾಡಿ ಕೊಡ್ತೇನಿ" ಅಂದ. ಕಿಸೆಯಿಂದ ರೊಕ್ಕ ತೆಗೆದರೆ ಎಣಿಸುತ್ತಾನೆ, ಎಣಿಸಿದರೆ ಗೊತ್ತಾಗುತ್ತದೆ. "ಇಲ್ಲ ಮಾಮಾ" ಅಂದೆ. ಇನ್ನೊಮ್ಮೆ ಕೇಳಿದ. "ಅವ್ವನ ಆಣಿ, ಕೊಡಂಗಿಲ್ಲ" ಅಂದೆ.

ಮಾಮಾ ನನ್ನನ್ನು ನೋಡಿದ. ಅವನ ಕಣ್ಣು ತುಂಬಿದ್ದವು. ಹೆಗಲ ಮೇಲೆ ಕೈ ಹಾಕಿ, "ಶಾಭಾಷ್. ನೀ ನನ್ನಂಗ ಆಗಲಿಲ್ಲ. ಅಕ್ಕನ ಪುಣ್ಯಾ" ಅಂದ. ಎಂಟನೇ ರೇಸನ್ನು ಇಬ್ಬರೂ ಸುಮ್ಮನೆ ನೋಡಿದೆವು, ರೊಕ್ಕ ಹಚ್ಚದೆ. ಆವತ್ತು ಅತಿ ಚೆಂದ ಓಡಿದ್ದು ಅದೇ ರೇಸ್ ಅಂತ ನನಗೆ ಅನಿಸಿತು. ಏಳನೆಯದರಲ್ಲಿ ಅವನು ಹೇಳಿದ ಕುದುರೆ ಬಂತೋ ಇಲ್ಲವೋ ಅಂತ ಕೇಳಬೇಡಿ. ಬಂದಿತ್ತು.

ಊರಿಗೆ ಬಂದು ಅವ್ವನ ಕೈಗೆ ಆರು ಸಾವಿರ ಕೊಟ್ಟೆ. "ಇಷ್ಟ ಕೊಟ್ಟ" ಅಂದೆ. ಅವ್ವ ನೋಟು ಎರಡು ಸಲ ಎಣಿಸಿದಳು. ಅವನು ಹಂಗ ಅನ್ನುವ ಹಾಗೆ ತಲೆ ಆಡಿಸಿ, ಕಡಿಮೆ ಬಿದ್ದದ್ದಕ್ಕೆ ಬೆಂಡೋಲೆ ಒತ್ತೆ ಇಟ್ಟಳು. ಫೀ ಕಟ್ಟಿದೆವು. ಬೆಂಡೋಲೆ ಇನ್ನೂ ಬಿಡಿಸಿಕೊಂಡಿಲ್ಲ. ಈ ಸಂಚಿಕೆ ಬಂದರೆ ತಂಗಿ ಅವ್ವನಿಗೆ ಓದಿ ಹೇಳುತ್ತಾಳೆ, ಅದಕ್ಕೇ ಹೋದ ಭಾನುವಾರ ನಾನೇ ಮೊದಲು ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ, ನನ್ನನ್ನು ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಾ ಅವಂಗ ಫೋನ್ ಮಾಡಿ ಬೈದಿದ್ನಲ್ಲೊ, ಬರೇ ಆರ ಕಳಸೀಯಲ್ಲಲೇ ಅಂತ. ಹೌದಕ್ಕಾ, ಅಷ್ಟ ಇತ್ತು ಅಂದಿದ್ದ" ಅಂದಳು.

ಅಂದರೆ ಜುಲೈನಿಂದ ಅವನಿಗೆ ಗೊತ್ತಿತ್ತು. ರಾತ್ರಿ ಹೊಲದ ಕಡೆ ಹೋಗಿ ಮಾಮಾನಿಗೆ ಫೋನ್ ಹಚ್ಚಿದೆ. ಎತ್ತಿದ. ಏನು ಹೇಳಬೇಕು ಅಂತ ಬಸ್ಸಿನಲ್ಲಿ ಬರುವಾಗಲೇ ಯೋಚಿಸಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಅವನೇ ಕೇಳಿದ, "ಐದನೇದಕ್ಕ ಹಚ್ಚಿದ್ದೇನು?"

"ಹೂಂ."

"ಯಾ ನಂಬರಿಗೆ?"

"ಒಂಬತ್ತು."

ಆ ಕಡೆ ಒಂದು ಕ್ಷಣ ಸುಮ್ಮನಾಯಿತು. "ಏ ಹುಚ್ಚಾ," ಅಂದ, "ಅದು ಪ್ಯಾಡಕ್ಕಿನ್ಯಾಗ ನೀರ ಸುರದಂಗ ಬೆವತಿತ್ತಲ್ಲೊ."